ಮರೆತುಹೋದ ಹಾಡುಗಾರನ ಧ್ವನಿಮುದ್ರಣ ಚರಿತ್ರೆಯನ್ನು ಪ್ಲೇಟಿನಿಂದಲೇ ಕಟ್ಟುವ ಕ್ರಮ

ಉಡುಪಿ, ಮಂಗಳೂರು ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆ ಈಗಲೂ ಸಿಗುತ್ತದೆ. ಮನೆ ಪಾಲಾದಾಗ, ಹಂಚು ಇಳಿಸಿ ತಾರಸಿ ಹಾಕಿಸುವಾಗ ಅದು ಕೆಳಗಿಳಿಯುತ್ತದೆ, ಮತ್ತು ಹೆಚ್ಚಿನ ಸಲ ಅಲ್ಲಿಂದ ನೇರವಾಗಿ ಗುಜರಿ ಅಂಗಡಿಗೆ ಹೋಗುತ್ತದೆ. ಅಂಥ ಪೆಟ್ಟಿಗೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡುಗಳ ನಡುವೆ ಒಮ್ಮೊಮ್ಮೆ ಯಾರೂ ಕೇಳಿರದ ಹೆಸರೊಂದು ಕಾಣಿಸಿಕೊಳ್ಳುತ್ತದೆ. 1960ರ ದಶಕದಲ್ಲಿ ತಾನೇ ಪದ ಕಟ್ಟಿ, ತಾನೇ ರಾಗ ಹಾಕಿ, ತಾನೇ ಹಾಡಿ, ಒಂದೆರಡು ಪ್ಲೇಟು ಹೊರಬಂದ ಮೇಲೆ ಸುಮ್ಮನಾದ ವ್ಯಕ್ತಿಯ ಹೆಸರು ಅದು. ಅಂಥವರು ಏನೇನು ಹಾಡಿ ಮುದ್ರಿಸಿದರು, ಎಲ್ಲಿ, ಯಾವಾಗ, ಯಾರ ಜೊತೆ ಎಂಬುದನ್ನು ಇನ್ನೊಬ್ಬರು ನಂಬಬಹುದಾದ ರೀತಿಯಲ್ಲಿ ಬರೆದಿಡುವುದು ಹೇಗೆಂದು ಇಲ್ಲಿ ವಿವರಿಸುತ್ತೇನೆ.

ಈ ಕೆಲಸದಲ್ಲಿ ನಾನು ಬಿಡದೆ ಪಾಲಿಸುವ ಒಂದು ನಿಯಮವಿದೆ: ಮೊದಲು ಪ್ಲೇಟನ್ನು ಓದಬೇಕು, ಆಮೇಲೆ ಕಥೆಯನ್ನು ಕೇಳಬೇಕು. ಕಥೆಯಿಂದ ಆರಂಭಿಸಿದರೆ ಪ್ಲೇಟಿನಲ್ಲಿರುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಾಡುಗಾರ ಬಡತನದಲ್ಲಿ ಸತ್ತಿದ್ದರೆ ಆ ದುಃಖವೇ ಪುಟವನ್ನೆಲ್ಲ ತುಂಬಿಕೊಳ್ಳುತ್ತದೆ, ಅವನು ಹಾಡಿದ ಹಾಡುಗಳ ಲೆಕ್ಕ ಮಾತ್ರ ಯಾರ ಬಳಿಯೂ ಉಳಿಯುವುದಿಲ್ಲ.

ನಾನು ಈ ಪಾಠ ಕಲಿತದ್ದು ನಮ್ಮ ಊರಿನವರಿಂದಲ್ಲ, ಜಾಕ್ಸನ್ ಸಿ. ಫ್ರ್ಯಾಂಕ್ ಎಂಬ ಅಮೆರಿಕದ ಹಾಡುಗಾರನಿಂದ. ಅವನು ಹುಟ್ಟಿದ್ದು 1943ರ ಮಾರ್ಚ್ 2ರಂದು, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ. 1954ರಲ್ಲಿ ಅವನ ಶಾಲೆಗೆ ಬೆಂಕಿ ಬಿದ್ದು 15 ಮಕ್ಕಳು ತೀರಿಕೊಂಡರು. ಫ್ರ್ಯಾಂಕ್ ತೀವ್ರ ಸುಟ್ಟಗಾಯಗಳೊಂದಿಗೆ ಉಳಿದುಕೊಂಡ, ಆಸ್ಪತ್ರೆಯಲ್ಲಿದ್ದಾಗ ಗಿಟಾರ್ ಅವನ ಕೈಗೆ ಬಂತು. ಪ್ರಾಯಕ್ಕೆ ಬಂದ ಮೇಲೆ ಸಿಕ್ಕಿದ ಪರಿಹಾರದ ಹಣದಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ಅಲ್ಲಿ 1965ರಲ್ಲಿ ಅವನ ಏಕೈಕ ಎಲ್‌ಪಿ, ಅಂದರೆ ಹಲವು ಹಾಡುಗಳ ದೊಡ್ಡ ಪ್ಲೇಟು, ಮುದ್ರಣವಾಯಿತು, ಅದನ್ನು ನಿರ್ಮಿಸಿಕೊಟ್ಟವನು ಅಮೆರಿಕದವನೇ ಆದ ಹಾಡುಗಾರ ಪಾಲ್ ಸೈಮನ್. 1999ರ ಮಾರ್ಚ್ 3ರಂದು, 56 ತುಂಬಿದ ಮರುದಿನ, ಫ್ರ್ಯಾಂಕ್ ತೀರಿಕೊಂಡ. ನಡುವಿನ ವರ್ಷಗಳು ಕಾಯಿಲೆ, ಬಡತನ, ಬೀದಿವಾಸದಲ್ಲಿ ಕಳೆದುಹೋದವು. ಅವನ ಬಗ್ಗೆ ಬರೆಯುವವರೆಲ್ಲ ಬೆಂಕಿಯಿಂದ ಆರಂಭಿಸಿ ಬೀದಿಯಲ್ಲಿ ಮುಗಿಸುತ್ತಾರೆ. ನಾನೂ ಮೊದಲು ಹಾಗೆಯೇ ನಾಲ್ಕು ಪುಟ ಬರೆದೆ, ಬರೆದು ಮುಗಿಸಿದಾಗ ಆ ಎಲ್‌ಪಿಯಲ್ಲಿ ಎಷ್ಟು ಹಾಡುಗಳಿವೆ ಎಂಬುದೇ ನನಗೆ ತಿಳಿದಿರಲಿಲ್ಲ. ಹತ್ತು ಹಾಡುಗಳಿವೆ. ಆ ದಿನ ಬರೆದದ್ದನ್ನು ಬದಿಗಿಟ್ಟು ಪಟ್ಟಿಯನ್ನು ಮೊದಲಿನಿಂದ ಆರಂಭಿಸಿದೆ.

ಪ್ಲೇಟನ್ನು ಕೈಗೆತ್ತಿಕೊಳ್ಳುವ ಮೊದಲು

ನಿಮ್ಮ ಕೈಯಲ್ಲಿರುವುದು ಯಾವ ವಸ್ತುವಿನ ಪ್ಲೇಟು ಎಂಬುದು ಮೊದಲು ಗೊತ್ತಾಗಬೇಕು. 10 ಇಂಚಿನ, ಭಾರವಾದ, ಬಿದ್ದರೆ ಮಣ್ಣಿನ ಹಂಚಿನಂತೆ ಒಡೆಯುವ ಪ್ಲೇಟು ಅರಗಿನದು. ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಸುಮಾರು ಮೂರು ನಿಮಿಷದ ಒಂದು ಹಾಡು. 7 ಇಂಚಿನ, ಹಗುರವಾದ, ಸ್ವಲ್ಪ ಬಾಗುವ ಪ್ಲೇಟು ವಿನೈಲಿನದು. ಸಾಮಾನ್ಯವಾಗಿ 45 ಸುತ್ತು, ಬದಿಗೆ ಒಂದು ಅಥವಾ ಎರಡು ಹಾಡು. 12 ಇಂಚಿನ ಎಲ್‌ಪಿಗೆ 33⅓ ಸುತ್ತು. ಉಳಿದ ಕೆಲವು ದೇಶಗಳು 78ನ್ನು ಕೈಬಿಟ್ಟ ಮೇಲೆಯೂ ಭಾರತದಲ್ಲಿ ಅದು 1960ರ ದಶಕದ ಬಹುಭಾಗ ತಯಾರಾಗುತ್ತಿತ್ತು. ಬೀಟಲ್ಸ್ ತಂಡದ ಹಾಡುಗಳು ಕೂಡ ಇಲ್ಲಿ 78ರ ಪ್ಲೇಟಿನಲ್ಲಿ ಹೊರಬಂದಿದ್ದವು. ಆದ್ದರಿಂದ 78 ಎಂದ ಮಾತ್ರಕ್ಕೆ ಅದು ಸ್ವಾತಂತ್ರ್ಯಪೂರ್ವದ್ದು ಎಂದು ಬರೆಯಬೇಡಿ.

ಈ ವ್ಯತ್ಯಾಸವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಮೊದಲ ಬಾರಿಗೆ ಸ್ವಚ್ಛ ಮಾಡಿದ 78ರ ಪ್ಲೇಟನ್ನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಒಂದೇ ಸುತ್ತು ಒರೆಸುವಷ್ಟರಲ್ಲಿ ಮೇಲ್ಮೈಯ ಹೊಳಪು ಹೋಗಿ ಮಂಕಾಯಿತು, ಆ ಬದಿಯ ಹಾಡಿನ ಮೊದಲ ಚರಣ ಇವತ್ತಿಗೂ ಬರೀ ಗರಗರ ಸದ್ದು. ಅದರ ಇನ್ನೊಂದು ಪ್ರತಿ ನನಗೆ ಈವರೆಗೆ ಸಿಕ್ಕಿಲ್ಲ. ಅರಗಿನ ಪ್ಲೇಟಿಗೆ ಸ್ಪಿರಿಟ್, ಸ್ಯಾನಿಟೈಸರ್, ಗಾಜು ಒರೆಸುವ ದ್ರವ ಯಾವುದೂ ತಾಗಬಾರದು. ಮೆತ್ತಗಿನ ಕುಂಚದಿಂದ ಧೂಳು ತೆಗೆದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಗೆರೆಗಳ ದಿಕ್ಕಿನಲ್ಲಿಯೇ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿ ತೆಗೆಯಿರಿ. ಲೇಬಲ್ಲಿಗೆ ನೀರು ತಾಗಿಸಬೇಡಿ. ವಿನೈಲಿಗಾದರೆ ಅದೇ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಬಹುದು.

ನಮ್ಮ ಕರಾವಳಿಯಲ್ಲಿ ಬೂಷ್ಟಿನ ಕಾಟ ಹೆಚ್ಚು. ಆಟಿ ತಿಂಗಳಲ್ಲಿ ಮುಚ್ಚಿಟ್ಟ ಪೆಟ್ಟಿಗೆಯನ್ನು ತೆರೆದರೆ ಲೇಬಲ್ಲುಗಳ ಮೇಲೆ ಬಿಳಿ ಪುಡಿ ಹರಡಿರುತ್ತದೆ, ಕಾಗದದ ಕವರುಗಳನ್ನು ಒರಲೆಯೋ ಬೆಳ್ಳಿಮೀನೋ ತಿಂದಿರುತ್ತದೆ. ಹಾಗೆಂದು ಹಪ್ಪಳ ಒಣಗಿಸಿದಂತೆ ಅಂಗಳದ ಬಿಸಿಲಿಗೆ ಹರಡಬೇಡಿ. ವಿನೈಲು ಅರ್ಧ ಗಂಟೆಯಲ್ಲಿ ಬಾಗಿ ಹೋಗುತ್ತದೆ. ನೆರಳಿನಲ್ಲಿ ಗಾಳಿಯಾಡುವ ಕಡೆ ನೇರವಾಗಿ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿಟ್ಟರೆ ಕೆಳಗಿನದು ಮೊದಲು ಹಾಳಾಗುತ್ತದೆ.

ಲೇಬಲ್ಲಿನ ಓದು, ಲೇಬಲ್ಲಿನಾಚೆಯ ಓದು

ಪ್ಲೇಟನ್ನು ನುಡಿಸುವ ಮೊದಲು ಓದಿ. ಎರಡೂ ಬದಿಯ ಲೇಬಲ್ಲುಗಳ ಚಿತ್ರ ತೆಗೆದು, ಅಲ್ಲಿ ಅಚ್ಚಾಗಿರುವ ಪ್ರತಿಯೊಂದು ಅಕ್ಷರವನ್ನೂ ಇದ್ದದ್ದು ಇದ್ದಂತೆ ನಕಲು ಮಾಡಿಕೊಳ್ಳಿ. ಹೆಸರು ಒಂದು ಬದಿಯಲ್ಲಿ ಒಂದು ರೀತಿ, ಇನ್ನೊಂದು ಬದಿಯಲ್ಲಿ ಇನ್ನೊಂದು ರೀತಿ ಇದ್ದರೆ ಎರಡನ್ನೂ ಬರೆಯಿರಿ. ಅಚ್ಚಿನ ತಪ್ಪನ್ನು ತಿದ್ದಬೇಡಿ. ಮುಂದೆ ಯಾರಾದರೂ ಹಳೆಯ ಮಾರಾಟ ಪಟ್ಟಿಗಳಲ್ಲಿ ಹುಡುಕುವಾಗ ಆ ತಪ್ಪಾದ ರೂಪವೇ ದಾರಿ ತೋರಿಸಬಹುದು. ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಲೇಬಲ್ಲು ಪ್ರತ್ಯೇಕವಾಗಿ ಉತ್ತರಿಸುತ್ತದೆಯೇ ನೋಡಿ. ಮೂರಕ್ಕೂ ಒಂದೇ ಹೆಸರಿದ್ದರೆ ಮಾತ್ರ ಬರೆದು ಹಾಡಿದವರು ಎಂಬ ಮಾತಿಗೆ ಪ್ಲೇಟಿನ ಸಾಕ್ಷಿಯಿದೆ.

ಲೇಬಲ್ಲಿನ ಮೇಲೆ ಕಾಣುವ ದೊಡ್ಡ ಸಂಖ್ಯೆ ಕ್ಯಾಟಲಾಗ್ ನಂಬರು, ಅಂದರೆ ಅಂಗಡಿಯವನು ಪ್ಲೇಟನ್ನು ತರಿಸಿಕೊಳ್ಳುವುದಕ್ಕೆ ಬಳಸುತ್ತಿದ್ದ ಸಂಖ್ಯೆ. ಹಾಡಿನ ಚರಿತ್ರೆಗೆ ಅದಕ್ಕಿಂತ ಮುಖ್ಯವಾದದ್ದು ಮ್ಯಾಟ್ರಿಕ್ಸ್ ನಂಬರು. ಹಾಡು ಮುಗಿದ ಮೇಲೆ ಗೆರೆಗಳಿಗೂ ಲೇಬಲ್ಲಿಗೂ ನಡುವೆ ಉಳಿಯುವ ಖಾಲಿ ಜಾಗದಲ್ಲಿ ಅದನ್ನು ಕೊರೆದಿರುತ್ತಾರೆ ಅಥವಾ ಒತ್ತಿರುತ್ತಾರೆ. ಕ್ಯಾಟಲಾಗ್ ನಂಬರು ಮಾರಾಟವಾದ ಪ್ಲೇಟಿನದು, ಮ್ಯಾಟ್ರಿಕ್ಸ್ ನಂಬರು ಮುದ್ರಣವಾದ ಬದಿಯದು. ಒಂದೇ ಹಾಡು ಎರಡು ಬೇರೆ ಬೇರೆ ಪ್ಲೇಟುಗಳಲ್ಲಿ ಬಂದಿದ್ದರೂ ಕೊರೆತದ ಸಂಖ್ಯೆ ಒಂದೇ ಆಗಿದ್ದರೆ ಹಾಡಿದ್ದು ಒಂದೇ ಸಲ. ಸಂಖ್ಯೆ ಬೇರೆಯಾದರೆ ಮತ್ತೊಮ್ಮೆ ಹಾಡಿದ್ದಾರೋ ಎಂದು ಕಿವಿಗೊಟ್ಟು ಹೋಲಿಸಬೇಕು. ಕೊರೆತವನ್ನು ಓದಲು ಕೋಣೆಯ ದೀಪ ಆರಿಸಿ, ಟಾರ್ಚಿನ ಬೆಳಕನ್ನು ಪ್ಲೇಟಿನ ಅಂಚಿನಿಂದ ಓರೆಯಾಗಿ ಬಿಡಿ. ಮೇಲಿನಿಂದ ಬಿಟ್ಟ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಸೀಮೆಸುಣ್ಣ ಉಜ್ಜುವವರಿದ್ದಾರೆ, ಅದು ಗೆರೆಯೊಳಗೆ ಕೂತರೆ ಮತ್ತೆ ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ಇಎಂಐ ಕಂಪನಿ ಒತ್ತುತ್ತಿದ್ದ ಪ್ಲೇಟುಗಳಲ್ಲಿ ಇನ್ನೂ ಒಂದು ಗುಟ್ಟಿದೆ, ಅದನ್ನು ಮೊದಲ ಸಲ ತಿಳಿದಾಗ ನನಗಾದ ಸಂತೋಷವನ್ನು ಮರೆಯಲಾರೆ. ಮ್ಯಾಟ್ರಿಕ್ಸ್ ನಂಬರು ಗಡಿಯಾರದ ಆರು ಗಂಟೆಯ ಜಾಗದಲ್ಲಿದೆ ಎಂದುಕೊಂಡರೆ, ಮೂರು ಗಂಟೆಯ ಜಾಗದಲ್ಲಿ ಒಂದೆರಡು ಸಣ್ಣ ಅಕ್ಷರಗಳಿರುತ್ತವೆ. ಅವು ಅಂಕಿಗಳ ಬದಲಿಗೆ ನಿಂತಿರುವ ಅಕ್ಷರಗಳು: ಜಿ ಎಂದರೆ 1, ಆರ್ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಎಂದರೆ 0. ಸಾಲಾಗಿ ಓದಿದರೆ ಗ್ರಾಮಫೋನ್ ಲಿಮಿಟೆಡ್ ಎಂಬುದರ ಸಂಕ್ಷೇಪ. ಪ್ಲೇಟನ್ನು ಒತ್ತಿದ ಅಚ್ಚು ಎಷ್ಟನೆಯದು ಎಂಬುದನ್ನು ಅದು ಹೇಳುತ್ತದೆ. ಒಂಬತ್ತು ಗಂಟೆಯ ಜಾಗದಲ್ಲಿರುವ ಅಂಕಿ ಆ ಅಚ್ಚು ಹುಟ್ಟಿದ ತಾಯಿತಟ್ಟೆಯದು. ಮಾರಾಟ ಕಡಿಮೆಯಾಗಿದ್ದ ಹಾಡುಗಾರನ ಪ್ಲೇಟಿನಲ್ಲಿ ಈ ಸಂಖ್ಯೆಗಳು ಸಣ್ಣವಾಗಿಯೇ ಉಳಿಯುತ್ತವೆ. ಆದರೆ ಇವು ಒತ್ತುವಿಕೆಯ ಕ್ರಮವನ್ನು ಸೂಚಿಸುತ್ತವೆಯೇ ಹೊರತು ಹಾಡಿದ ತಾರೀಕನ್ನಲ್ಲ ಎಂಬುದು ನೆನಪಿರಲಿ.

ಫ್ರ್ಯಾಂಕ್‌ನ ಎಲ್‌ಪಿಯ ಕ್ಯಾಟಲಾಗ್ ನಂಬರು 33ಎಸ್‌ಎಕ್ಸ್ 1788, ಲೇಬಲ್ಲು ಕೊಲಂಬಿಯಾ. ಹೊಸಬರು ಇಲ್ಲಿ ದಾರಿ ತಪ್ಪುತ್ತಾರೆ. ಅಮೆರಿಕದ ಹಾಡುಗಾರ, ಅಮೆರಿಕದ ನಿರ್ಮಾಪಕ, ಕೊಲಂಬಿಯಾ ಲೇಬಲ್ಲು ಎಂದ ಕೂಡಲೇ ಸೈಮನ್ ಹಾಡುತ್ತಿದ್ದ ಅಮೆರಿಕದ ಕೊಲಂಬಿಯಾ ಕಂಪನಿಯೇ ಎಂದು ಬರೆದುಬಿಡುತ್ತಾರೆ. ಇಂಗ್ಲೆಂಡಿನ ಕೊಲಂಬಿಯಾ ಇಎಂಐಯ ಒಡೆತನದ್ದು, ನಮ್ಮ ದೇಶದಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಹೊರತರುತ್ತಿದ್ದ ಕೊಲಂಬಿಯಾ ಪ್ಲೇಟುಗಳ ಬಳಗಕ್ಕೇ ಸೇರಿದ್ದು. ಅಮೆರಿಕದ ಕಂಪನಿ ಇಂಗ್ಲೆಂಡಿನಲ್ಲಿ ಸಿಬಿಎಸ್ ಎಂಬ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿತ್ತು. ಇದು ಇನ್ನಷ್ಟು ಗೋಜಲಾಗುವುದು ಏಕೆಂದರೆ ಆ ಎಲ್‌ಪಿಯನ್ನು ಮುದ್ರಿಸಿದ್ದು ಲಂಡನ್ನಿನ ನ್ಯೂ ಬಾಂಡ್ ಬೀದಿಯಲ್ಲಿದ್ದ ಸಿಬಿಎಸ್ ಸ್ಟುಡಿಯೋದಲ್ಲಿ. ಮುದ್ರಿಸಿದ ಸ್ಟುಡಿಯೋ ಒಬ್ಬರದು, ಹೊರತಂದ ಕಂಪನಿ ಇನ್ನೊಬ್ಬರದು. ನಿಮ್ಮ ಪಟ್ಟಿಯಲ್ಲಿಯೂ ಇವೆರಡಕ್ಕೆ ಪ್ರತ್ಯೇಕ ಜಾಗವಿರಲಿ.

ಅದೇ ವರ್ಷ ಅವನ ಒಂದು 45ರ ಪ್ಲೇಟೂ ಬಂತು, ನಂಬರು ಡಿಬಿ 7795. ಒಂದು ಬದಿಗೆ ಅವನ ಹೆಸರನ್ನು ಉಳಿಸಿದ ಬ್ಲೂಸ್ ರನ್ ದಿ ಗೇಮ್, ಇನ್ನೊಂದು ಬದಿಗೆ ಎಲ್‌ಪಿಯಲ್ಲಿ ಇಲ್ಲದ ಹಾಡು. ಎಲ್‌ಪಿಯನ್ನು ಮಾತ್ರ ನೋಡಿ ಪಟ್ಟಿ ಮುಗಿಸಿದ್ದರೆ ಆ ಹನ್ನೊಂದನೆಯ ಹಾಡು ನನ್ನ ಕೈತಪ್ಪುತ್ತಿತ್ತು. ಸಣ್ಣ ಪ್ಲೇಟಿನ ಹಿಂಬದಿಯನ್ನು ಎಂದಿಗೂ ಬಿಡಬೇಡಿ.

ಕಂಡದ್ದು, ಓದಿದ್ದು, ಕೇಳಿದ್ದು

ಪಟ್ಟಿಯ ಪ್ರತಿಯೊಂದು ಸಾಲಿನ ಮುಂದೆ ನಾನು ಮೂರರಲ್ಲಿ ಒಂದು ಗುರುತು ಹಾಕುತ್ತೇನೆ. ಪ್ಲೇಟನ್ನೋ ಕಾಗದವನ್ನೋ ಕೈಯಲ್ಲಿ ಹಿಡಿದು ನೋಡಿದ್ದರೆ ‘ಕಂಡದ್ದು’. ಪುಸ್ತಕ, ಪತ್ರಿಕೆ ಅಥವಾ ಇನ್ನೊಬ್ಬರ ಪಟ್ಟಿಯಲ್ಲಿ ನೋಡಿದ್ದರೆ ‘ಓದಿದ್ದು’. ಯಾರಾದರೂ ಬಾಯಿಮಾತಿನಲ್ಲಿ ಹೇಳಿದ್ದರೆ ‘ಕೇಳಿದ್ದು’. ಫ್ರ್ಯಾಂಕ್‌ನ ಎರಡೂ ಕ್ಯಾಟಲಾಗ್ ನಂಬರುಗಳ ಮುಂದೆ ನನ್ನ ಪುಸ್ತಕದಲ್ಲಿ ‘ಓದಿದ್ದು’ ಎಂದೇ ಇದೆ. ಮೂಲ ಪ್ಲೇಟು ನನ್ನ ಕೈಗೆ ಬಂದಿಲ್ಲ, ಬರುವ ಬೆಲೆಯಲ್ಲೂ ಇಲ್ಲ. ಇಡೀ ಎಲ್‌ಪಿ ಮೂರು ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯಿತು, ಯಾರೂ ತನ್ನನ್ನು ನೋಡಬಾರದೆಂದು ಅವನು ಪರದೆಗಳ ಮರೆಯಲ್ಲಿ ಕುಳಿತು ಹಾಡಿದ ಎಂಬುದು ಸ್ಟುಡಿಯೋದಲ್ಲಿದ್ದವರ ನೆನಪಿನಿಂದ ಬಂದ ಮಾತು, ಆದ್ದರಿಂದ ಅದು ‘ಕೇಳಿದ್ದು’. ಗುರುತು ಕೆಳಮಟ್ಟದ್ದಾದರೆ ಸಂಗತಿ ಸುಳ್ಳೆಂದು ಅರ್ಥವಲ್ಲ. ಮುಂದೆ ಓದುವವರಿಗೆ ಎಲ್ಲಿ ಕಾಲೂರಬಹುದು, ಎಲ್ಲಿ ಇನ್ನೊಮ್ಮೆ ಮುಟ್ಟಿ ನೋಡಬೇಕು ಎಂಬುದು ಅದರಿಂದ ತಿಳಿಯುತ್ತದೆ.

ತಾರೀಕಿಗೆ ಎರಡು ಕಾಲಂ ಬೇಕು: ಹಾಡಿದ ದಿನ, ಹೊರಬಂದ ದಿನ. ಬ್ಲೂಸ್ ರನ್ ದಿ ಗೇಮ್ ಹಾಡನ್ನು ಸೈಮನ್ ಮತ್ತು ಗಾರ್ಫಂಕೆಲ್ ಜೋಡಿ 1965ರಲ್ಲೇ ಹಾಡಿ ಮುದ್ರಿಸಿತ್ತು, ಕೇಳುಗರ ಕೈಗೆ ಅದು ಬಂದದ್ದು 1997ರಲ್ಲಿ. ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ಅದೇ ಹಾಡನ್ನು ತನ್ನ ಮನೆಯಲ್ಲಿ ಟೇಪಿಗೆ ಹಾಡಿದ್ದು ಅಧಿಕೃತವಾಗಿ ಹೊರಬಂದದ್ದು 2007ರಲ್ಲಿ, ಅವನು ತೀರಿಕೊಂಡು ಸುಮಾರು 33 ವರ್ಷಗಳಾದ ಮೇಲೆ. ಒಂದೇ ಕಾಲಂ ಇದ್ದರೆ ಫ್ರ್ಯಾಂಕ್‌ನ ಹಾಡನ್ನು ಅವನ ಕಾಲದವರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬ ತಪ್ಪು ಚಿತ್ರ ಮೂಡುತ್ತದೆ. ಎರಡನ್ನೂ ಬರೆದಾಗ ಜೊತೆಯ ಹಾಡುಗಾರರು ಮೊದಲ ದಿನದಿಂದಲೇ ಆ ಹಾಡನ್ನು ಬಾಯಿಪಾಠ ಮಾಡಿಕೊಂಡಿದ್ದರು ಎಂಬುದು ತಾನಾಗಿ ಕಾಣುತ್ತದೆ. ಇಂಗ್ಲೆಂಡಿನ ಹಾಡುಗಾರ್ತಿ ಸ್ಯಾಂಡಿ ಡೆನ್ನಿ 1967ರ ಮುದ್ರಿಕೆಗಳಲ್ಲಿ ಫ್ರ್ಯಾಂಕ್‌ನ ಎರಡು ಹಾಡುಗಳನ್ನು ಹಾಡಿದಳು, 1975ರಲ್ಲಿ ಸ್ಕಾಟ್ಲೆಂಡಿನ ಹಾಡುಗಾರ ಬರ್ಟ್ ಜಾನ್ಷ್ ಮತ್ತೊಂದು ಸಲ ಬ್ಲೂಸ್ ರನ್ ದಿ ಗೇಮ್ ಹಾಡಿದ. ಹಾಡುಗಾರ ಸುಮ್ಮನಾದ ಮೇಲೆಯೂ ಹಾಡು ನಡೆದ ದಾರಿ ಇದು. ಬೇರೆಯವರು ಹಾಡಿದ್ದನ್ನೂ ಪಟ್ಟಿಯ ಕೊನೆಯಲ್ಲಿ ಸೇರಿಸುವುದು ನನ್ನ ದೃಷ್ಟಿಯಲ್ಲಿ ಅಗತ್ಯ.

ನಮ್ಮ ಊರಿನ ನೆನಪಿಗೆ ವರ್ಷ ಹಚ್ಚುವುದು

ಉಡುಪಿಯಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು ತಾವೇ ಬರೆದು ಹಾಡುತ್ತಿದ್ದರು. ಮನೆಯವರ ಇಚ್ಛೆಯಂತೆ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರದೆಂದು ಉಳಿದಿದ್ದದ್ದು ಎರಡು ತುಂಡಾದ ಒಂದು 78, ನಾಲ್ಕು ಹಾಡುಗಳ ಒಂದು 7 ಇಂಚಿನ ಪ್ಲೇಟು, ಮತ್ತು ಒಂದು ನೋಟು ಪುಸ್ತಕ. ಪ್ಲೇಟುಗಳಲ್ಲಿ ವರ್ಷ ಅಚ್ಚಾಗಿರಲಿಲ್ಲ. ಅವರ ಹೆಂಡತಿಯನ್ನು ಕೇಳಿದೆ.

“ಅತ್ತೆ, ಮಾವ ಹಾಡಲಿಕ್ಕೆ ಮುಂಬಯಿಗೆ ಹೋದದ್ದು ಯಾವ ವರ್ಷ ನೆನಪುಂಟಾ?”

“ವರ್ಷ ಎಲ್ಲ ನನಗೆ ಎಲ್ಲಿ ನೆನಪಿರ್ತದೆ ಮಗಾ. ಶಿರೂರು ಮಠದ ಪರ್ಯಾಯ ಆಗಿ ಒಂದು ಮಳೆಗಾಲ ಕಳೆದಿತ್ತು. ದೊಡ್ಡವ ಆಗ ಅಂಬೆಗಾಲಿಡ್ತಿದ್ದ.”

ನನಗೆ ಅಷ್ಟೇ ಸಾಕಾಯಿತು. ಉಡುಪಿಯ ಅಷ್ಟಮಠಗಳ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ, ಎರಡೆರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು ಬದಲಾಗುತ್ತದೆ, ಎಂಟು ಮಠಗಳ ಸುತ್ತು 16 ವರ್ಷಕ್ಕೆ ಮುಗಿಯುತ್ತದೆ. 1960ರಲ್ಲಿ ಪುತ್ತಿಗೆ, 1962ರಲ್ಲಿ ಶಿರೂರು, 1964ರಲ್ಲಿ ಸೋದೆ, 1966ರಲ್ಲಿ ಕಾಣಿಯೂರು, 1968ರಲ್ಲಿ ಪೇಜಾವರ. ಶಿರೂರು ಪರ್ಯಾಯದ ಮೊದಲ ಮಳೆಗಾಲ ಕಳೆದ ಮೇಲೆ ಎಂದರೆ 1962ರ ಕೊನೆಯ ಭಾಗ ಅಥವಾ 1963ರ ಆರಂಭ. ಮಗನ ಜನನ ಪತ್ರವನ್ನು ಜೊತೆಗಿಟ್ಟು ನೋಡಿದಾಗ ಎರಡೂ ಹೊಂದಿಕೊಂಡವು. ಹಿರಿಯರ ಹತ್ತಿರ ಇಸವಿಯನ್ನು ಕೇಳಿದರೆ ಅವರು ತಡವರಿಸುತ್ತಾರೆ, ಕೆಲವೊಮ್ಮೆ ನಮ್ಮನ್ನು ಸಮಾಧಾನಪಡಿಸಲು ಯಾವುದೋ ಒಂದನ್ನು ಹೇಳಿಬಿಡುತ್ತಾರೆ. ಯಾವ ಪರ್ಯಾಯ, ಮದುವೆಗೆ ಮುಂಚೆಯೋ ಅನಂತರವೋ, ನೆಹರೂ ತೀರಿಕೊಂಡ ಸುದ್ದಿ ಬಂದಾಗ ಪ್ಲೇಟು ಮನೆಯಲ್ಲಿತ್ತೇ ಎಂದು ಕೇಳಿ. ನೆಹರೂ ತೀರಿಕೊಂಡದ್ದು 1964ರ ಮೇ 27ರಂದು. ಆ ದಿನ ತಾವು ಎಲ್ಲಿದ್ದೆವು ಎಂಬುದು ಆ ತಲೆಮಾರಿನ ಬಹುಮಂದಿಗೆ ನೆನಪಿದೆ.

ಮನೆಯ ಕಾಗದಪತ್ರಗಳೂ ಹೀಗೆಯೇ ಬಾಯಿ ಬಿಡುತ್ತವೆ. ಪ್ಲೇಟು ಕೊಂಡ ರಸೀದಿಯಲ್ಲಿ ಬೆಲೆ ಆಣೆಯಲ್ಲಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ ಸಾಮಾನ್ಯವಾಗಿ 1957ಕ್ಕೂ 1964ಕ್ಕೂ ನಡುವಿನದು, ಏಕೆಂದರೆ 1964ರ ಜೂನ್ 1ರಿಂದ ‘ನಯೇ’ ಎಂಬ ಮಾತನ್ನು ಕೈಬಿಟ್ಟು ಬರೀ ಪೈಸೆ ಎನ್ನಲಾಯಿತು. ಕವರಿನ ಮೇಲಿನ ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಆ ಕವರು 1972ರ ಆಗಸ್ಟ್ 15ಕ್ಕಿಂತ ಹಿಂದೆ ಅಚ್ಚಾಗಿರಲು ಸಾಧ್ಯವಿಲ್ಲ, ಒಳಗಿನ ಪ್ಲೇಟು ಹಳೆಯದಿರಬಹುದು. ಮೈಸೂರು ರಾಜ್ಯ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗಿಂತ ಮುಂಚಿನದು. ಅಂಗಡಿಯವರು ಹಳೆಯ ರಸೀದಿ ಪುಸ್ತಕವನ್ನು ಮುಗಿಯುವವರೆಗೂ ಬಳಸುತ್ತಿದ್ದರು, ಆದ್ದರಿಂದ ಒಂದೇ ಗುರುತನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಎರಡು ಗುರುತುಗಳು ಒಂದೇ ಕಡೆಗೆ ಕೈತೋರಿಸಲಿ.

ಕೇಳಿದ ಮಾತು ಎಲ್ಲ ಸಲ ಹೊಂದುವುದಿಲ್ಲ. ಅದೇ ಮನೆಯಲ್ಲಿ, ಅವರು 1965ರ ಸುಮಾರಿಗೆ ಮಂಗಳೂರು ಆಕಾಶವಾಣಿಯಲ್ಲಿ ಹಾಡಿದ್ದರೆಂದು ಎಲ್ಲರೂ ನಂಬಿದ್ದರು. ಮಂಗಳೂರು ನಿಲಯ ಆರಂಭವಾದದ್ದು 1976ರ ಡಿಸೆಂಬರ್ 11ರಂದು. 1965ರಲ್ಲಿ ಕನ್ನಡದಲ್ಲಿ ಹಾಡಿದ್ದರೆ ಅದು 1950ರಲ್ಲಿ ಆರಂಭವಾದ ಧಾರವಾಡದಿಂದಲೋ 1955ರಲ್ಲಿ ಆರಂಭವಾದ ಬೆಂಗಳೂರಿನಿಂದಲೋ ಆಗಿದ್ದಿರಬಹುದು. ಮಂಗಳೂರಿನಿಂದಲೇ ಆಗಿದ್ದರೆ ಹತ್ತಕ್ಕೂ ಹೆಚ್ಚು ವರ್ಷ ಈಚೆಗೆ ತರಬೇಕು. ನಾನು ಅತ್ತೆಯವರ ಎದುರು ತಪ್ಪು ಎನ್ನಲಿಲ್ಲ. ಆ ದಿನ ಮನೆಯಲ್ಲಿ ಯಾವ ರೇಡಿಯೋ ಇತ್ತು, ಹಾಡು ಕೇಳಲು ಯಾರು ಯಾರು ಬಂದಿದ್ದರು ಎಂದು ವಿಚಾರಿಸಿದೆ. ಕೇಳಿದವರಲ್ಲಿ ಆ ಮನೆಗೆ ಮದುವೆಯಾಗಿ ಬಂದ ಒಬ್ಬಳೂ ಇದ್ದಳು, ಅವಳು ಮನೆಗೆ ಬಂದದ್ದು 1977ರಲ್ಲಿ. ನಿಲಯವೂ ಸರಿಯಾಗಿತ್ತು, ಹಾಡಿದ್ದೂ ನಿಜವಾಗಿತ್ತು, ವರ್ಷ ಮಾತ್ರ ಜಾರಿತ್ತು.

ಪತ್ರಿಕೆಗಳನ್ನು ಹುಡುಕುವಾಗ ಅವು ಹುಟ್ಟಿದ ಕಾಲ ತಿಳಿದಿರಲಿ. ಉದಯವಾಣಿ ಮಣಿಪಾಲದಿಂದ ಆರಂಭವಾದದ್ದು 1970ರಲ್ಲಿ, ಆದ್ದರಿಂದ 1960ರ ದಶಕದ ಸಂಗೀತ ಕಾರ್ಯಕ್ರಮದ ಸುದ್ದಿಗೆ ಮಂಗಳೂರಿನ ನವಭಾರತದಂಥ ಹಳೆಯ ಪತ್ರಿಕೆಗಳ ಕಡತವನ್ನೇ ನೋಡಬೇಕು. ಕೊಂಕಣಿ ಹಾಡುಗಾರರಾದರೆ 1938ರಿಂದ ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಬರುತ್ತಿರುವ ರಾಕ್ಣೊ ವಾರಪತ್ರಿಕೆಯ ಹಳೆಯ ಸಂಚಿಕೆಗಳಿಂದ ಆರಂಭಿಸಿ. ಸುದ್ದಿಯ ಜೊತೆಗೆ ಜಾಹೀರಾತುಗಳನ್ನೂ ಓದಿ, ಪ್ಲೇಟಿನ ಹೆಸರು ಸುದ್ದಿಗಿಂತ ಹೆಚ್ಚಾಗಿ ಅಲ್ಲಿರುತ್ತದೆ. ಅಂತರ್ಜಾಲದಲ್ಲಿ ಪ್ಲೇಟುಗಳ ವಿವರ ಕಲೆಹಾಕುವ ಡಿಸ್ಕಾಗ್ಸ್ ಮತ್ತು ಹಳೆಯ ಕಡತಗಳನ್ನು ಇಟ್ಟಿರುವ ಇಂಟರ್ನೆಟ್ ಆರ್ಕೈವ್ ಎರಡನ್ನೂ ನೋಡಿ, ಆದರೆ ಅಲ್ಲಿಂದ ಎತ್ತಿಕೊಂಡದ್ದೆಲ್ಲ ‘ಓದಿದ್ದು’.

ಕೊನೆಗೆ, ನುಡಿಸುವುದು

ಒಂದೇ ಪ್ರತಿಯಿದ್ದರೆ ಅದನ್ನು ಮತ್ತೆ ಮತ್ತೆ ನುಡಿಸಬೇಡಿ. ಒಮ್ಮೆ ಸರಿಯಾಗಿ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. 78ರ ಗೆರೆ ಅಗಲ, ಅದಕ್ಕೆ ಸುಮಾರು 3 ಮಿಲ್, ಅಂದರೆ ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲಿನಷ್ಟರ ಸೂಜಿ ಬೇಕು. ಎಲ್‌ಪಿ ಮತ್ತು 45ಕ್ಕೆ 1 ಮಿಲ್ ಅಥವಾ ಅದಕ್ಕಿಂತ ಸಣ್ಣದು. ಸಣ್ಣ ಸೂಜಿ 78ರ ಗೆರೆಯ ತಳಕ್ಕೆ ಬಿದ್ದು ಕಸದ ಸದ್ದನ್ನೇ ಎತ್ತುತ್ತದೆ. ಹಳೆಯ ಕೀ ಕೊಡುವ ಗ್ರಾಮಫೋನಿನ ಉಕ್ಕಿನ ಪಿನ್ನನ್ನು ವಿನೈಲಿನ ಮೇಲೆ ಇಟ್ಟರೆ ಒಂದೇ ಸಲಕ್ಕೆ ಹಾಡು ಕೆತ್ತಿ ಹೋಗುತ್ತದೆ.

ವೇಗ ಸರಿಯಿದೆಯೇ ನೋಡಲು ತಿರುಗುವ ತಟ್ಟೆಯ ಮೇಲೆ ಇಡುವ ಗೆರೆಚಿತ್ರದ ಕಾಗದ (ಸ್ಟ್ರೋಬ್) ಬಳಸಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ 33⅓ ಸುತ್ತಿನಲ್ಲಿ 180 ಗೆರೆ, 78ಕ್ಕೆ 77 ಗೆರೆಗಳ ವೃತ್ತ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಈಗಿನ ಎಲ್‌ಇಡಿ ದೀಪಗಳನ್ನು ಇದಕ್ಕೆ ನಂಬಲಾಗದು. ಹಾರ್ಮೋನಿಯಂ ಜೊತೆಗಿನ ಹಾಡಾದರೆ ಇನ್ನೊಂದು ಪರೀಕ್ಷೆಯಿದೆ. ಚೆನ್ನಾಗಿ ಶ್ರುತಿಯಲ್ಲಿರುವ ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಹಾಡಿನ ಷಡ್ಜವನ್ನು ಹುಡುಕಿ. ಅದು ಹಾರ್ಮೋನಿಯಂನ ಎರಡು ಮನೆಗಳ (ಕೀಲಿಗಳ) ನಡುವೆ ಬಿದ್ದರೆ ವೇಗವನ್ನು ಅನುಮಾನಿಸಿ. ನಮ್ಮ ಹಿರಿಯರ 7 ಇಂಚಿನ ಪ್ಲೇಟನ್ನು ನಾನು ವಾರಗಟ್ಟಲೆ ತುಸು ಹೆಚ್ಚಿನ ವೇಗದಲ್ಲಿ ಕೇಳುತ್ತಿದ್ದೆ. ಸರಿಪಡಿಸಿದ ದಿನ ಅತ್ತೆಯವರು, ಹೌದು, ಈಗ ಅವರದೇ ಸ್ವರ ಎಂದರು.

ಕಡತವನ್ನು ಸಂಕುಚಿಸದ ವೇವ್ ರೂಪದಲ್ಲಿ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಟ್ಟುಕೊಳ್ಳಿ, ಆಡಾಸಿಟಿಯಂಥ ಉಚಿತ ತಂತ್ರಾಂಶ ಸಾಕು. ಗರಗರ ಸದ್ದನ್ನು ತೆಗೆಯುವ ಕೆಲಸವನ್ನು ಬೇರೆ ಪ್ರತಿಯಲ್ಲಿ ಮಾಡಿ, ಮೂಲವನ್ನು ಮುಟ್ಟಬೇಡಿ. ಒಡೆದ ಪ್ಲೇಟನ್ನು ನುಡಿಸಲಾಗದು, ಆದರೂ ಎಸೆಯಬೇಡಿ. ನೆರೆಮನೆಯ ಆ ಎರಡು ತುಂಡಾದ 78ರಲ್ಲಿ ಎರಡೂ ಬದಿಯ ಲೇಬಲ್ಲು, ಮ್ಯಾಟ್ರಿಕ್ಸ್ ನಂಬರು ಪೂರ್ತಿ ಓದಲು ಸಿಕ್ಕವು, ಪಟ್ಟಿಯಲ್ಲಿ ಅದರ ಮುಂದೆ ‘ಕಂಡದ್ದು’ ಎಂದೇ ಬರೆದಿದ್ದೇನೆ.

ಇಳಿಸಿಕೊಂಡ ಹಾಡನ್ನು ಎಲ್ಲರಿಗೂ ಕೇಳಿಸುವ ಮೊದಲು ಹಕ್ಕನ್ನು ನೋಡಿ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1963ರಲ್ಲಿ ಹೊರಬಂದ ಪ್ಲೇಟಿನ ಹಕ್ಕು 2023ರ ಕೊನೆಗೆ ಮುಗಿಯಿತು. ಆದರೆ ಸಾಹಿತ್ಯ ಮತ್ತು ರಾಗ ಅದರಿಂದ ಪ್ರತ್ಯೇಕ. ಅವುಗಳ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ತಾನೇ ಬರೆದು ಹಾಡಿದವರ ವಿಷಯದಲ್ಲಿ ಇದು ಬಹಳ ಮುಖ್ಯ, ಏಕೆಂದರೆ ಪ್ಲೇಟಿನ ಹಕ್ಕು ಮುಗಿದಿದ್ದರೂ ಹಾಡಿನ ಹಕ್ಕು ಮಕ್ಕಳ ಕೈಯಲ್ಲಿರಬಹುದು. ಇಂಗ್ಲೆಂಡಿನಲ್ಲಿ 1965ರ ಧ್ವನಿಮುದ್ರಣಕ್ಕೆ 70 ವರ್ಷದ ರಕ್ಷಣೆಯಿದೆ, ಹಾಗಾಗಿ ಫ್ರ್ಯಾಂಕ್‌ನ ಎಲ್‌ಪಿ ಅಲ್ಲಿ 2035ರ ಕೊನೆಯವರೆಗೂ ಹಕ್ಕಿನೊಳಗೇ ಇದೆ. ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಯಾವುದಕ್ಕೆ ಒಪ್ಪಿದರು, ಯಾವುದಕ್ಕೆ ಇಲ್ಲ ಎಂಬುದನ್ನು ಬಿಡಿಸಿ ಬರೆಯಿರಿ.

ಪಟ್ಟಿಯ ಮೂರು ಪ್ರತಿ ಮಾಡಿ. ಒಂದು ಹಾಡುಗಾರರ ಮನೆಗೆ, ಒಂದು ನಿಮ್ಮಲ್ಲಿ. ಮೂರನೆಯದನ್ನು, ಧ್ವನಿಯ ಕಡತಗಳ ಸಮೇತ, ಒಂದು ಸಂಸ್ಥೆಗೆ ಕೊಡುವುದು ಒಳ್ಳೆಯದು. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಲ್ಲಿ ಮೊದಲು ವಿಚಾರಿಸಿ, ಕೊಂಕಣಿಯದಾದರೆ ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ. ಪ್ರತಿಯೊಂದರ ಮೇಲೆಯೂ ಬರೆದ ತಾರೀಕು ಇರಲಿ, ಏಕೆಂದರೆ ಪಟ್ಟಿ ಬದಲಾಗುತ್ತದೆ. ನಮ್ಮ ಹಿರಿಯರ ನೋಟು ಪುಸ್ತಕದಲ್ಲಿ ಇನ್ನೊಂದು 78ರ ಎರಡು ಹಾಡುಗಳ ಸಾಹಿತ್ಯವಿದೆ, ಪಕ್ಕದಲ್ಲಿ ‘ಪ್ಲೇಟಾಯಿತು’ ಎಂದು ಅವರದೇ ಅಕ್ಷರ. ಆ ಪ್ಲೇಟು ಸಿಕ್ಕಿಲ್ಲ. ಪಟ್ಟಿಯಲ್ಲಿ ಅದಕ್ಕೆ ಎರಡು ಸಾಲು ಬಿಟ್ಟು, ಮ್ಯಾಟ್ರಿಕ್ಸ್ ನಂಬರಿನ ಜಾಗವನ್ನು ಖಾಲಿ ಇಟ್ಟಿದ್ದೇನೆ.